ಅಂಚಿನಲ್ಲಿ ಕೂತ ಅಜ್ಜಿ ಎಲ್ಲಿ ಹೋದರು? ರಾ ತಂತ್ರಾಂಶ ಲೆನ್ಸಿನ ನೋಟವನ್ನು ಬದಲಿಸಿದಾಗ ದೋಷ ಹುಡುಕುವ ಬಗೆ

ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ಮದುವೆಯ ಚಿತ್ರ ತೆಗೆದು ಬಂದ ಹುಡುಗನೊಬ್ಬ ಮರುದಿನ ಬೆಳಗ್ಗೆ ಚಿಕ್ಕಮಗಳೂರಿನ ನನ್ನ ಅಂಗಡಿಯ ಮುಂದೆ ಬಾಗಿಲು ತೆಗೆಯುವುದನ್ನೇ ಕಾದು ನಿಂತಿದ್ದ. ಎರಡು ವರ್ಷ ನನ್ನ ಜೊತೆ ಕೆಲಸ ಕಲಿತವನು, ಈಗ ಸ್ವಂತ ಕ್ಯಾಮೆರಾ ಇಟ್ಟುಕೊಂಡಿದ್ದಾನೆ. "ಅಣ್ಣ, ಲೆನ್ಸ್ ಕೈಕೊಟ್ಟಿದೆ. ಬೆಂಗಳೂರಿಗೆ ಸರ್ವಿಸಿಗೆ ಕಳುಹಿಸಲೇಬೇಕು" ಎಂದು ಲ್ಯಾಪ್‌ಟಾಪ್ ತೆರೆದು ತೋರಿಸಿದ.

ಹುಡುಗಿಯ ಕಡೆಯವರ ಗುಂಪು ಚಿತ್ರ. ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಹಸಿರು ರೇಷ್ಮೆ ಸೀರೆಯ ಅಜ್ಜಿ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅಜ್ಜಿ ಪೂರ್ತಿ ಕಾಣುತ್ತಾರೆ; ಕುರ್ಚಿಯ ಕೈ, ಅದರ ಮೇಲಿಟ್ಟ ಬಳೆ ತುಂಬಿದ ಮುಂಗೈ, ಎಲ್ಲವೂ ಇದೆ. ಲ್ಯಾಪ್‌ಟಾಪಿನಲ್ಲಿ ರಾ ಫೈಲ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಕಂಡದ್ದನ್ನು ತಿದ್ದದೆ ಉಳಿಸಿದ ಕಡತ) ತೆರೆದ ಕೂಡಲೇ ಕೂಡ ಇದೆ. ಎರಡು ಸೆಕೆಂಡು ಕಳೆಯುತ್ತಿದ್ದಂತೆ ಚಿತ್ರ ಒಮ್ಮೆ ಸಣ್ಣಗೆ ಜಿಗಿಯುತ್ತದೆ. ಮುಂಗೈ ಇಲ್ಲ, ಅರ್ಧ ಭುಜ ಇಲ್ಲ. ಉಳಿದ ಮುಖ ಮೊದಲಿಗಿಂತ ಅಗಲವಾಗಿದೆ.

ಆ ಎರಡು ಸೆಕೆಂಡಿನ ಜಿಗಿತವೇ ದೋಷದ ಸುಳಿವು. ಲೆನ್ಸ್ ಕೆಟ್ಟಿದ್ದರೆ ಚಿತ್ರ ಮೊದಲಿನಿಂದಲೇ ಕೆಟ್ಟಿರುತ್ತಿತ್ತು. ತೆರೆದ ಮೇಲೆ ಬದಲಾಗುತ್ತಿದೆ ಎಂದರೆ ಬದಲಿಸುತ್ತಿರುವುದು ತಂತ್ರಾಂಶ. ರಾ ಫೈಲಿನ ಒಳಗೆ ಕ್ಯಾಮೆರಾವೇ ಮಾಡಿಟ್ಟ ಒಂದು ಜೆಪೆಗ್ ಮುನ್ನೋಟ ಅಡಗಿರುತ್ತದೆ. ಹೆಚ್ಚಿನ ತಂತ್ರಾಂಶಗಳು ಮೊದಲು ಅದನ್ನು ತೋರಿಸಿ, ಆಮೇಲೆ ಸೆನ್ಸರಿನ ಮೂಲ ದತ್ತಾಂಶದಿಂದ ತಮ್ಮದೇ ಚಿತ್ರ ಕಟ್ಟಿ ಅದರ ಜಾಗದಲ್ಲಿ ಇಡುತ್ತವೆ. ಮೊದಲು ಕಂಡದ್ದು ಕ್ಯಾಮೆರಾ ಮಾಡಿದ ಚಿತ್ರ, ಆಮೇಲೆ ಕಂಡದ್ದು ತಂತ್ರಾಂಶ ಮಾಡಿದ ಚಿತ್ರ. ಇವೆರಡರ ನಡುವೆ ಅಜ್ಜಿಯ ಕೈ ಕಳೆದುಹೋಗಿದೆ.

ಹೀಗಾಗಿ ಲೆನ್ಸನ್ನು ಕಳಚಿ ಪಾರ್ಸೆಲ್ ಮಾಡುವ ಮೊದಲು ಏನೇನು ನೋಡಬೇಕು ಎಂಬುದನ್ನು ಬರೆದಿಡುತ್ತಿದ್ದೇನೆ. ಏನೂ ಕೆಡದ ಲೆನ್ಸುಗಳು ಸರ್ವಿಸಿಗೆ ಹೋಗಿ ಬರುವುದನ್ನು ಕಂಡಿದ್ದೇನೆ. ಮದುವೆ ಕಾಲದಲ್ಲಿ ಲೆನ್ಸ್ ಇಲ್ಲದೆ ಎರಡು ವಾರ ಕೂರುವುದು ನಮ್ಮಂಥವರಿಗೆ ಸಣ್ಣ ಮಾತಲ್ಲ.

ನೋಟ ಬದಲಾಗುವುದು ಹೇಗೆ

ಅಗಲ ನೋಟದ ಲೆನ್ಸುಗಳಲ್ಲಿ ನೇರ ಗೆರೆಗಳು ಅಂಚಿಗೆ ಹೋದಂತೆ ಹೊರಕ್ಕೆ ಉಬ್ಬುತ್ತವೆ. ಇದನ್ನು ಬ್ಯಾರೆಲ್ ಡಿಸ್ಟಾರ್ಷನ್ ಎನ್ನುತ್ತಾರೆ; ಹೊಟ್ಟೆ ಬಂದ ಪೀಪಾಯಿಯನ್ನು ನೆನೆದರೆ ಸಾಕು. ಈ ಬಾಗನ್ನು ಗಾಜಿನಲ್ಲಿಯೇ ತಿದ್ದಬಹುದು, ಆದರೆ ಲೆನ್ಸ್ ದೊಡ್ಡದಾಗುತ್ತದೆ, ಭಾರವಾಗುತ್ತದೆ, ಬೆಲೆ ಏರುತ್ತದೆ. 2008ರಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಎಂಬ, ಒಳಗೆ ಕನ್ನಡಿಯಿಲ್ಲದ (ಮಿರರ್‌ಲೆಸ್) ಕ್ಯಾಮೆರಾಗಳ ವ್ಯವಸ್ಥೆ ಬಂದಾಗಿನಿಂದ ತಯಾರಕರು ಬೇರೆ ದಾರಿ ಹಿಡಿದರು. ಗಾಜಿನಲ್ಲಿ ಸ್ವಲ್ಪ ಬಾಗು ಉಳಿಸಿ, ಅದನ್ನು ಎಷ್ಟು ತಿದ್ದಬೇಕೆಂಬ ಲೆಕ್ಕವನ್ನು ರಾ ಫೈಲಿನಲ್ಲೇ ಬರೆದಿಡುವುದು. 2009ರಲ್ಲಿ ರಾ ಫೈಲ್ ಉಳಿಸುವ ಡಿಎನ್‌ಜಿ ಮಾದರಿಯ 1.3ನೇ ಆವೃತ್ತಿಯಲ್ಲಿ ಇಂಥ ತಿದ್ದುಪಡಿಯ ಆದೇಶಗಳನ್ನು ಫೈಲಿನೊಳಗೆ ಇಡಲು ಜಾಗ ಮಾಡಿದರು. ಇಂದಿನ ಮಿರರ್‌ಲೆಸ್ ಲೆನ್ಸುಗಳಲ್ಲಿ ಬಹುಪಾಲು ಈ ದಾರಿಯವೇ. ಕ್ಯಾನನ್ ಆರ್‌ಎಫ್ 16 ಎಂಎಂ ಎಫ್2.8 ಲೆನ್ಸಿನ ತಿದ್ದದ ರಾ ಚಿತ್ರದಲ್ಲಿ ಮೂಲೆಗಳೇ ಕಪ್ಪಾಗಿರುತ್ತವೆ. ಅದು ದೋಷವಲ್ಲ, ತಿದ್ದಿದ ಮೇಲೆ ಆ ಮೂಲೆಗಳು ಹೊರಗೆ ಹೋಗಲಿ ಎಂದೇ ಹಾಗೆ ಮಾಡಿದ್ದಾರೆ.

ತಿದ್ದುವಾಗ ಏನಾಗುತ್ತದೆ ಎಂಬುದನ್ನು ಒಂದು ಬಟ್ಟೆಯಲ್ಲಿ ಊಹಿಸಿಕೊಳ್ಳಿ. ಚೌಕಾಕಾರದ ಎಲಾಸ್ಟಿಕ್ ಬಟ್ಟೆಯ ಮೇಲೆ ಉಬ್ಬಿದ ಗೆರೆಗಳಿವೆ. ಅವನ್ನು ನೇರ ಮಾಡಲು ನಾಲ್ಕೂ ಮೂಲೆಗಳನ್ನು ಹೊರಕ್ಕೆ ಎಳೆಯುತ್ತೀರಿ. ಗೆರೆ ನೇರವಾಯಿತು, ಆದರೆ ಬಟ್ಟೆಯ ಅಂಚು ಈಗ ನಡುವೆ ಒಳಗೆ ಬಾಗಿ, ಮೂಲೆಗಳಲ್ಲಿ ಕಿವಿಯಂತೆ ಚಾಚಿಕೊಂಡಿದೆ. ನಮಗೆ ಬೇಕಾದದ್ದು ಆಯತಾಕಾರದ ಚಿತ್ರ. ಆದ್ದರಿಂದ ತಂತ್ರಾಂಶ ಒಳಗೆ ಹಿಡಿಸುವ ಆಯತವನ್ನು ಕತ್ತರಿಸಿಕೊಂಡು ಕಿವಿಗಳನ್ನು ಬಿಸಾಡುತ್ತದೆ. ಹೆಚ್ಚು ನಷ್ಟವಾಗುವುದು ಮೂಲೆಗಳಲ್ಲಿ, ನಂತರ ಎಡಬಲದ ಅಂಚುಗಳಲ್ಲಿ. ಮುಂದಿನ ಸಾಲಿನ ತುದಿಯಲ್ಲಿ ಕೂತವರೇ ಯಾಕೆ ಹೋಗುತ್ತಾರೆ ಎಂಬುದಕ್ಕೆ ಇದೇ ಉತ್ತರ. ಅವರು ಕೆಳಮೂಲೆಯಲ್ಲಿರುತ್ತಾರೆ.

ಕತ್ತರಿಸಿದ ಮೇಲೆ ಚಿತ್ರವನ್ನು ಮತ್ತೆ ಹಿಗ್ಗಿಸಿ ಮೊದಲಿನ ಅಳತೆಗೇ ತರುತ್ತಾರೆ. 6000×4000 ಪಿಕ್ಸೆಲ್ ಇದ್ದದ್ದು ಹಾಗೆಯೇ ಇರುತ್ತದೆ. ಪಿಕ್ಸೆಲ್ ಲೆಕ್ಕ ನೋಡಿ "ಏನೂ ಕತ್ತರಿಸಿಲ್ಲವಲ್ಲ" ಎಂದುಕೊಳ್ಳುವವರು ಮೋಸ ಹೋಗುವುದು ಇಲ್ಲಿ.

ಉಲ್ಟಾ ದೂರೂ ಬರುತ್ತದೆ. ಮೂಡಿಗೆರೆ ಕಡೆಯ ಹೋಮ್‌ಸ್ಟೇ ಒಂದರ ಕೋಣೆಗಳ ಚಿತ್ರ ತೆಗೆಯುವಾಗ ನನಗೇ ಆಗಿತ್ತು. ವ್ಯೂಫೈಂಡರಿನಲ್ಲಿ ಬಲಕ್ಕೆ ಬಾಗಿಲ ಚೌಕಟ್ಟಿನವರೆಗೆ ಮಾತ್ರ ಕಂಡಿತ್ತು. ಮನೆಗೆ ಬಂದು ಬೇರೊಂದು ತಂತ್ರಾಂಶದಲ್ಲಿ ತೆರೆದರೆ ಬಾಗಿಲ ಆಚೆ ನಾನು ನಿಲ್ಲಿಸಿದ್ದ ಫ್ಲ್ಯಾಶ್ ಸ್ಟ್ಯಾಂಡಿನ ಒಂದು ಕಾಲು ಬಂದು ನಿಂತಿದೆ, ಬಾಗಿಲ ಚೌಕಟ್ಟು ಬಿಲ್ಲಿನಂತೆ ಬಾಗಿದೆ. ಕ್ಯಾಮೆರಾ ತಿದ್ದಿದ ನೋಟ ತೋರಿಸಿತ್ತು, ಈ ತಂತ್ರಾಂಶ ತಿದ್ದದ ನೋಟ ತೋರಿಸುತ್ತಿತ್ತು. ಹುಡುಗನ ದೂರೂ ನನ್ನ ದೂರೂ ಒಂದೇ ಕಾಯಿಲೆಯ ಎರಡು ಮುಖ: ತೆಗೆಯುವಾಗ ನೋಡಿದ್ದೂ ಆಮೇಲೆ ನೋಡುತ್ತಿರುವುದೂ ಒಂದೇ ತಿದ್ದುಪಡಿಯಲ್ಲಿ ಇಲ್ಲ.

ಗೋಡೆಯ ಪರೀಕ್ಷೆ

ಅನುಮಾನ ಬಂದರೆ ಊಹೆಯ ಮೇಲೆ ವಾದ ಬೇಡ, ಅಳೆಯಿರಿ. ಟೇಪು, ಸೀಮೆಸುಣ್ಣ, ಟ್ರೈಪಾಡ್ ಸಾಕು.

ಮೊದಲು ಎಲ್ಲಿ ಅಳೆಯಬಾರದು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಕಡೆಯವರಿಗೆ ಹಳೇಬೀಡು, ಬೇಲೂರು ಹತ್ತಿರ. ಲೆನ್ಸ್ ಕೊಂಡ ಕೂಡಲೇ ಹೋಗಿ ಆನೆಗಳ ಸಾಲು ನೇರವಾಗಿದೆಯೇ ಎಂದು ನೋಡುವವರು ಬಹಳ. ಹೊಯ್ಸಳರ ಗೋಡೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ನಕ್ಷತ್ರಾಕಾರದ ತಳವಿನ್ಯಾಸದಲ್ಲಿ ಗೋಡೆಯೇ ಒಳಹೊರಗೆ ಮಡಚಿಕೊಂಡು ಸಾಗುತ್ತದೆ. ಅಗಲ ಲೆನ್ಸಿನಲ್ಲಿ ಆ ಮಡಿಕೆಗಳು ಸೇರಿ ಬಾಗಿದಂತೆ ಕಾಣುತ್ತವೆ. ಬೆಳವಾಡಿಯ ವೀರನಾರಾಯಣ ದೇವಸ್ಥಾನದ ಮಂಟಪದಲ್ಲಿ ಕಂಬಗಳು ಸಾಲಾಗಿ ಹೊಳೆಯುತ್ತ ನಿಂತಿವೆ, ನೋಡಲು ಎರಡು ಕಣ್ಣು ಸಾಲದು, ಆದರೆ ಗಾಲಿಗೆ ಕಟ್ಟಿ ಕಡೆದಂತಿರುವ ಅವುಗಳ ಅಂಚಿನಲ್ಲಿ ನೇರ ಗೆರೆಯೇ ಇಲ್ಲ. ನನಗೆ ಹಿಡಿಸಿದ್ದು ಕಾಫಿ ಕಣದ ಪಕ್ಕದ ಗೋದಾಮಿನ ಗೋಡೆ. ಸಿಮೆಂಟ್ ಹಾಕಿದ, ಉದ್ದನೆಯ, ಕಿಟಕಿ ಇಲ್ಲದ ಗೋಡೆ, ಕೆಳಗೆ ಕಣದ ನೆಲದ ನೇರ ಕೂಡುಗೆರೆಗಳು.

ಗೋಡೆಯ ಮೇಲೆ ಲೆನ್ಸಿನ ಎತ್ತರಕ್ಕೆ ಅಡ್ಡ ಗೆರೆಯೊಂದನ್ನು ಎಳೆದು ಪ್ರತಿ 10 ಸೆಂಟಿಮೀಟರಿಗೆ ಗುರುತು ಮಾಡಿ, ನಡುವಿನಿಂದ ಎರಡೂ ಕಡೆಗೆ ಅಂಕಿ ಬರೆಯಿರಿ. ಅಂಥದ್ದೇ ಇನ್ನೊಂದು ಗೆರೆ ಗೋಡೆಯ ಬುಡದಲ್ಲಿ, ಚೌಕಟ್ಟಿನ ಕೆಳಮೂಲೆ ಬೀಳುವ ಕಡೆ ಇರಲಿ. ಕ್ಯಾಮೆರಾವನ್ನು ಗೋಡೆಗೆ ನೇರ ಎದುರಾಗಿ 3 ಮೀಟರ್ ದೂರದಲ್ಲಿ ನಿಲ್ಲಿಸಿ. ಒಂದು ಚಿತ್ರ ತೆಗೆಯಿರಿ, ರಾ ಮತ್ತು ಜೆಪೆಗ್ ಎರಡೂ ದಾಖಲಾಗುವಂತೆ. ಈಗ ಪ್ರತಿಯೊಂದು ತಂತ್ರಾಂಶದಲ್ಲೂ ತೆರೆದು, ಎಡಬಲ ಅಂಚಿನಲ್ಲಿ ಯಾವ ಅಂಕಿಯವರೆಗೆ ಕಾಣುತ್ತದೆ ಎಂದು ಬರೆದುಕೊಳ್ಳಿ.

ಲೆಕ್ಕ ಸುಲಭ. ಬಾಗು ಇಲ್ಲದ ಲೆನ್ಸಿನಲ್ಲಿ ಕಾಣುವ ಅಗಲಕ್ಕೂ ದೂರಕ್ಕೂ ಇರುವ ಅನುಪಾತವೇ ಸೆನ್ಸರಿನ ಅಗಲಕ್ಕೂ ಫೋಕಲ್ ಲೆಂಗ್ತಿಗೂ (ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದ ಸಂಖ್ಯೆ) ಇರುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. 24 ಎಂಎಂ ಲೆನ್ಸ್ 3 ಮೀಟರ್ ದೂರದಿಂದ 4.5 ಮೀಟರ್ ಗೋಡೆ ತೋರಿಸಬೇಕು. 16 ಎಂಎಂ ಆದರೆ 6.75 ಮೀಟರ್, 50 ಎಂಎಂ ಆದರೆ 2.16. ಹಿಂದುಮುಂದಾಗಿ, 36ನ್ನು 3ರಿಂದ ಗುಣಿಸಿ ಕಂಡ ಅಗಲದಿಂದ ಭಾಗಿಸಿದರೆ ಆ ಚಿತ್ರ ಯಾವ ಫೋಕಲ್ ಲೆಂಗ್ತಿನಂತೆ ವರ್ತಿಸುತ್ತಿದೆ ಎಂದು ತಿಳಿಯುತ್ತದೆ. ಲೆನ್ಸಿನ ಮೇಲೆ ಅಚ್ಚಾದ ಸಂಖ್ಯೆ ದುಂಡಗೆ ಮಾಡಿದ್ದು, ಲೆನ್ಸಿನ ಯಾವ ಬಿಂದುವಿನಿಂದ ದೂರ ಅಳೆಯುತ್ತೇವೆ ಎಂಬುದರಲ್ಲೂ ಕೆಲವು ಸೆಂಟಿಮೀಟರ್ ಏರುಪೇರಾಗುತ್ತದೆ. ಸಣ್ಣ ವ್ಯತ್ಯಾಸಕ್ಕೆ ಗಾಬರಿ ಬೇಡ. ಇಲ್ಲಿ ನಾವು ಹೋಲಿಸುತ್ತಿರುವುದು ತಂತ್ರಾಂಶಗಳನ್ನು.

ಹುಡುಗನ 24 ಎಂಎಂ ಲೆನ್ಸಿಗೆ ತಿದ್ದುಪಡಿ ಇಲ್ಲದ ಚಿತ್ರದಲ್ಲಿ ನಡುಗೆರೆಯ ಮೇಲೆ 4.66 ಮೀಟರ್ ಕಂಡಿತು, ಅಂದರೆ ಸುಮಾರು 23.2 ಎಂಎಂ. ತಿದ್ದಿದ ಚಿತ್ರದಲ್ಲಿ 4.50, ಸರಿಯಾಗಿ 24. ಲೆನ್ಸ್ ತಾನು ಹೇಳಿಕೊಂಡಷ್ಟನ್ನು ಕೊಡುತ್ತಿದೆ. ತಿದ್ದುವ ಮೊದಲು ಹೆಚ್ಚೇ ಕೊಡುತ್ತಿತ್ತು. ನಡುಗೆರೆಯಲ್ಲಿ ಎರಡೂ ಬದಿ ಸೇರಿ 16 ಸೆಂಟಿಮೀಟರ್ ಹೋಗಿದ್ದರೆ, ಬುಡದ ಗೆರೆಯಲ್ಲಿ ಒಂದೊಂದು ಬದಿಗೇ ಹೆಚ್ಚುಕಡಿಮೆ ಅಷ್ಟು ಹೋಗಿತ್ತು. ಅಜ್ಜಿಯ ಮುಂಗೈಯ ಲೆಕ್ಕ ಅಲ್ಲಿಗೆ ಸಿಕ್ಕಿತು. ಕ್ಯಾಮೆರಾದ ಮೆನು ತೆರೆದು ನೋಡಿದರೆ ಡಿಸ್ಟಾರ್ಷನ್ ಕರೆಕ್ಷನ್ ಆಫ್ ಆಗಿತ್ತು. ಅವನು ತಿದ್ದದ ನೋಟ ನೋಡಿ ಜನರನ್ನು ಕೂರಿಸಿದ್ದ, ತಂತ್ರಾಂಶ ತನ್ನ ಪಾಡಿಗೆ ತಿದ್ದಿತ್ತು.

ಬೇರೆ ಕಾರಣಗಳು, ಹೋಲುವ ಲಕ್ಷಣಗಳು

ಎಲ್ಲ ನಷ್ಟವೂ ಬಾಗಿನ ತಿದ್ದುಪಡಿಯಿಂದಲೇ ಆಗುವುದಿಲ್ಲ. ನಾಲ್ಕೂ ಕಡೆ ಸಮನಾಗಿ ಕೆಲವೇ ಪಿಕ್ಸೆಲ್ ಹೆಚ್ಚುಕಡಿಮೆ ಇದ್ದರೆ ಅದು ಸೆನ್ಸರಿನ ಅಂಚಿನ ವಿಚಾರ. ಬಣ್ಣ ಕಟ್ಟುವ ಲೆಕ್ಕಕ್ಕೆ ಪ್ರತಿ ಪಿಕ್ಸೆಲಿಗೂ ನೆರೆಹೊರೆ ಬೇಕು, ಹಾಗಾಗಿ ತಯಾರಕರು ಅಂಚಿನ ಸ್ವಲ್ಪ ಭಾಗವನ್ನು ಬದಿಗಿಡುತ್ತಾರೆ. ಕ್ಯಾಮೆರಾ 6000×4000 ಕೊಟ್ಟ ಫೈಲಿನಿಂದ ಕೆಲವು ತಂತ್ರಾಂಶ 6024×4024 ತೆಗೆಯುವುದುಂಟು. ಅದು ಶೇಕಡಾ ಅರ್ಧದ ಆಸುಪಾಸು, ಅದರಿಂದ ಯಾರ ಭುಜವೂ ಹೋಗದು.

ಚಿತ್ರ ಇದ್ದಕ್ಕಿದ್ದಂತೆ ಬಹಳ ಹತ್ತಿರ ಬಂದಂತಿದ್ದು, 24 ಮೆಗಾಪಿಕ್ಸೆಲ್ ಇರಬೇಕಾದದ್ದು 10ರ ಆಸುಪಾಸಿನಲ್ಲಿದ್ದರೆ ಕ್ಯಾಮೆರಾ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವ ಎಪಿಎಸ್-ಸಿ ಕ್ರಾಪ್‌ನಲ್ಲಿದೆ. ಸಣ್ಣ ಸೆನ್ಸರಿಗೆ ಮಾಡಿದ ಲೆನ್ಸ್ ಹಾಕಿದಾಗ ತಾನಾಗಿಯೇ ಆ ಸ್ಥಿತಿಗೆ ಹೋಗುವ ಕ್ಯಾಮೆರಾಗಳಿವೆ. ಈ ನಷ್ಟ ರಾ ಫೈಲಿನಲ್ಲೇ ಆದದ್ದು, ವಾಪಸ್ ಬರುವುದಿಲ್ಲ. 16:9 ಅಥವಾ ಚೌಕದ ಅನುಪಾತದಲ್ಲಿ ತೆಗೆದದ್ದಾದರೆ ನೆಮ್ಮದಿ: ಸಾಮಾನ್ಯವಾಗಿ ರಾ ಫೈಲ್ ಪೂರ್ತಿ ಇರುತ್ತದೆ, ಕ್ರಾಪ್ ಉಪಕರಣ ತೆರೆದು ರೀಸೆಟ್ ಒತ್ತಿದರೆ ಉಳಿದದ್ದು ಬರುತ್ತದೆ.

ಗೆರೆಗಳು ಹೊರಕ್ಕೆ ಉಬ್ಬುವ ಬದಲು ಸೊಂಟ ಕಟ್ಟಿದಂತೆ ಒಳಕ್ಕೆ ಬಾಗಿದ್ದರೆ ಎರಡು ಬಾರಿ ತಿದ್ದಿದ್ದಾರೆ ಎಂದು ಮೊದಲು ಅನುಮಾನಿಸಿ. ಕ್ಯಾಮೆರಾ ತಿದ್ದಿಕೊಟ್ಟ ಜೆಪೆಗ್ ಮೇಲೆ ಮತ್ತೆ ಲೆನ್ಸ್ ಪ್ರೊಫೈಲ್ (ಆ ಲೆನ್ಸಿನ ಬಾಗನ್ನು ತಿದ್ದುವ ಲೆಕ್ಕ) ಹಾಕಿದಾಗ, ಅಥವಾ ಒಂದು ತಂತ್ರಾಂಶದಲ್ಲಿ ತಿದ್ದಿ ಡಿಎನ್‌ಜಿ ಮಾಡಿ ಇನ್ನೊಂದರಲ್ಲಿ ತೆರೆದಾಗ ಹೀಗಾಗುತ್ತದೆ. ಇನ್ನೊಂದು ಕಾರಣ ತಪ್ಪು ಪ್ರೊಫೈಲ್. ಬೇರೆ ಕಂಪನಿಗಳ ಲೆನ್ಸುಗಳು ಒಂದೇ ಗುರುತು ಸಂಖ್ಯೆಯನ್ನು ಹಂಚಿಕೊಳ್ಳುವುದುಂಟು. ತಂತ್ರಾಂಶ ನಿಮ್ಮದಲ್ಲದ ಲೆನ್ಸಿನ ಹೆಸರು ತೋರಿಸುತ್ತಿದ್ದರೆ ತಿದ್ದುಪಡಿಯೂ ನಿಮ್ಮದಲ್ಲ. ಫೈಲಿನೊಳಗಿನ ವಿವರ ತೋರಿಸುವ ಎಕ್ಸಿಫ್‌ಟೂಲ್‌ನಲ್ಲಿ ಫೈಲ್ ತೆರೆದು ಲೆನ್ಸಿನ ಹೆಸರು, ಫೋಕಲ್ ಲೆಂಗ್ತ್, ಚಿತ್ರದ ಅಳತೆ, ಈ ಮೂರನ್ನು ನೋಡಿದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ನೆಟ್ಟಗೆ ನಿಲ್ಲಿಸಿದ ಕಟ್ಟಡದ ಚಿತ್ರಗಳಲ್ಲಿ ಮೇಲ್ತುದಿಯ ಎರಡೂ ಬದಿ ಹೆಚ್ಚಾಗಿ ಹೋಗಿದ್ದರೆ ಅದು ಪರ್ಸ್ಪೆಕ್ಟಿವ್ ತಿದ್ದುಪಡಿ. ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಚಿತ್ರಗಳಲ್ಲಿ ಇದು ಸಾಮಾನ್ಯ. ಕೆಳಗಿನಿಂದ ಮೇಲಕ್ಕೆ ತೆಗೆದು ಆಮೇಲೆ ಕಮಾನುಗಳನ್ನು ನೆಟ್ಟಗೆ ಮಾಡಿದಾಗ ಮೇಲಿನ ಎರಡೂ ಬದಿಯ ಆಕಾಶ ಕತ್ತರಿಸಿ ಹೋಗಿರುತ್ತದೆ. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ನೋಟ ಕಿರಿದಾಗುವುದು ಮಾತ್ರ ನಿಜವಾಗಿ ಲೆನ್ಸಿನ ಗುಣ. ಅದನ್ನು ವ್ಯೂಫೈಂಡರಿನಲ್ಲಿಯೇ ನೋಡಬಹುದು.

ಕಳೆದದ್ದನ್ನು ತರುವುದು

ಬಾಗಿನ ತಿದ್ದುಪಡಿಯಿಂದ ಹೋದದ್ದು ರಾ ಫೈಲಿನಲ್ಲಿ ಭದ್ರವಾಗಿದೆ. ಎಷ್ಟು ವಾಪಸ್ ತರಬಹುದು ಎಂಬುದು ತಂತ್ರಾಂಶದ ಮೇಲೆ ನಿಂತಿದೆ.

ಲೈಟ್‌ರೂಮ್‌ನಲ್ಲಿ ನಾವೇ ಹಾಕಿದ ಪ್ರೊಫೈಲ್ ಆದರೆ ಅದರ ಡಿಸ್ಟಾರ್ಷನ್ ಸ್ಲೈಡರನ್ನು 100ರಿಂದ ಕೆಳಗೆ ತರಬಹುದು. ಆದರೆ ಮೈಕ್ರೋ ಫೋರ್ ಥರ್ಡ್ಸ್, ಫ್ಯೂಜಿ ಎಕ್ಸ್‌ನಂಥ ಕ್ಯಾಮೆರಾಗಳ ಫೈಲಿನೊಳಗೆ ಬರುವ ತಿದ್ದುಪಡಿಯನ್ನು ಅದು ಕೇಳದೆಯೇ ಹಾಕುತ್ತದೆ, ತೆಗೆಯಲು ಗುಂಡಿಯಿಲ್ಲ. ಕ್ಯಾಪ್ಚರ್ ಒನ್‌ನಲ್ಲಿ ಡಿಸ್ಟಾರ್ಷನ್ ಸ್ಲೈಡರ್ ಜೊತೆಗೆ ‘ಹೈಡ್ ಡಿಸ್ಟಾರ್ಟೆಡ್ ಏರಿಯಾಸ್’ ಎಂಬ ಗುರುತು ಇದೆ. ಅದನ್ನು ತೆಗೆದರೆ ಬಿಸಾಡಿದ ಕಿವಿಗಳು ಕಣ್ಣಿಗೆ ಬೀಳುತ್ತವೆ. ಡಿಎಕ್ಸ್‌ಓ ಫೋಟೋಲ್ಯಾಬ್‌ನಲ್ಲಿ ‘ಕೀಪ್ ಆಸ್ಪೆಕ್ಟ್ ರೇಶಿಯೋ’ ಗುರುತು ತೆಗೆದರೆ ಬದಿಯ ಭಾಗ ಉಳಿಯುತ್ತದೆ, ಚಿತ್ರ 3:2ರ ಬದಲು ಸ್ವಲ್ಪ ಅಗಲವಾಗುತ್ತದೆ. ರಾಥೆರಪಿಯಲ್ಲಿ ‘ಆಟೋ-ಫಿಲ್’ ತೆಗೆಯಬೇಕು.

ನಾನು ಇಂಥ ಕೆಲಸಕ್ಕೆ ಡಾರ್ಕ್‌ಟೇಬಲ್ ಹಿಡಿಯುತ್ತೇನೆ. ಅದು ಉಚಿತ, ಜೊತೆಗೆ ಎಲ್ಲವೂ ಕೈಗೆ ಸಿಗುತ್ತದೆ. ‘ಲೆನ್ಸ್ ಕರೆಕ್ಷನ್’ ಮಾಡ್ಯೂಲನ್ನು ನಾವೇ ಚಾಲೂ ಮಾಡಬೇಕು. ಇತ್ತೀಚಿನ ಆವೃತ್ತಿಗಳಲ್ಲಿ ಫೈಲಿನೊಳಗಿನ ಲೆಕ್ಕ ಬೇಕೋ, ಲೆನ್ಸ್‌ಫನ್ ಎಂಬ ಸಾಮಾನ್ಯ ದತ್ತಸಂಚಯದ ಲೆಕ್ಕ ಬೇಕೋ ಎಂದು ಆರಿಸಬಹುದು. ಎರಡೂ ಒಂದೇ ಫಲ ಕೊಡುವುದಿಲ್ಲ, ಆದ್ದರಿಂದ ಒಂದು ಆಲ್ಬಮ್‌ಗೆ ಒಂದನ್ನೇ ಬಳಸಿ. ಅಲ್ಲಿಯೇ ‘ಸ್ಕೇಲ್’ ಎಂಬ ಸ್ಲೈಡರ್ ಇದೆ. ಅದನ್ನು ಇಳಿಸಿದರೆ ಚಿತ್ರ ಕುಗ್ಗಿ, ಗೆರೆಗಳು ನೇರವಾಗಿಯೇ ಉಳಿದು, ಮೂಲೆಗಳು ಒಳಗೆ ಬರುತ್ತವೆ. ಬದಲಿಗೆ ಮೇಲೆ ಕೆಳಗೆ ಅಂಚಿನ ನಡುವೆ ಕಪ್ಪು ಕಮಾನು ಮೂಡುತ್ತದೆ, ಅದನ್ನು ಕ್ರಾಪ್ ಮಾಡಬೇಕು.

ತಿದ್ದಲೇಬೇಕೆ ಎಂಬುದನ್ನೂ ಕೇಳಿಕೊಳ್ಳಿ. ಮುಳ್ಳಯ್ಯನಗಿರಿಯ ಮೇಲೆ ನಿಂತು ತೆಗೆದ ಬೆಟ್ಟಸಾಲಿಗೆ, ಶೋಲೆ ಕಾಡಿಗೆ ಬಾಗು ಗೊತ್ತೇ ಆಗುವುದಿಲ್ಲ. ಅಲ್ಲಿ ತಿದ್ದದೆ ಬಿಟ್ಟರೆ ನೋಟವೂ ಹೆಚ್ಚು, ಮೂಲೆಗಳ ಸ್ಪಷ್ಟತೆಯೂ ಹೆಚ್ಚು. ಹೋಮ್‌ಸ್ಟೇ ಕೋಣೆಗೆ ಪೂರ್ತಿ ತಿದ್ದಿ, ಬಾಗಿದ ಬಾಗಿಲನ್ನು ಯಾರೂ ಕ್ಷಮಿಸುವುದಿಲ್ಲ. ಗುಂಪು ಚಿತ್ರ ಇವೆರಡರ ನಡುವೆ ಬರುತ್ತದೆ, ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಗೆರೆಗಳು ಪೂರ್ತಿ ನೇರವಾದ ಚಿತ್ರದಲ್ಲಿ ಅಂಚಿನ ಮುಖಗಳು ಅಗಲವಾಗಲೇಬೇಕು, ಅದು ರೇಖಾಗಣಿತ. 24 ಎಂಎಂ ನೋಟದ ಎಡಬಲ ಅಂಚಿನಲ್ಲಿ ದುಂಡು ತಲೆಯೊಂದು ಎತ್ತರಕ್ಕಿಂತ 1.25 ಪಟ್ಟು ಅಗಲವಾಗಿ ಬೀಳುತ್ತದೆ, 16 ಎಂಎಂನಲ್ಲಿ 1.5 ಪಟ್ಟು. ಬ್ಯಾರೆಲ್ ಬಾಗು ಇದನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಜನರಿರುವ ಚಿತ್ರದಲ್ಲಿ ಹಿಂದಿನ ಮಂಟಪದ ಕಂಬ ಕೂದಲೆಳೆಯಷ್ಟು ಬಾಗಿದರೂ ಚಿಂತೆಯಿಲ್ಲ, ಹಿರಿಯರ ಮುಖ ಊದಿಕೊಳ್ಳಬಾರದು. ಅರ್ಧ ತಿದ್ದಿ.

ತೆಗೆಯುವಾಗ ಕ್ಯಾಮೆರಾದ ಡಿಸ್ಟಾರ್ಷನ್ ಕರೆಕ್ಷನ್ ಆನ್ ಇರಲಿ, ಆಗ ವ್ಯೂಫೈಂಡರಿನಲ್ಲಿ ಕಡಿಮೆ ನೋಟವೇ ಕಾಣುತ್ತದೆ, ಆಮೇಲೆ ಸಿಗುವುದು ಹೆಚ್ಚೇ ಆಗಿರುತ್ತದೆ. ಕನ್ನಡಿಯಿರುವ ಹಳೆಯ ಕ್ಯಾಮೆರಾದವರಿಗೆ ಈ ಅನುಕೂಲವಿಲ್ಲ, ಅವರ ವ್ಯೂಫೈಂಡರ್ ಗಾಜು ಕಂಡದ್ದನ್ನು ಕಂಡಂತೆ ತೋರಿಸುತ್ತದೆ. ಅವರು ಸಾಲಿನ ಎರಡೂ ತುದಿಗೆ ಒಂದೊಂದು ಖಾಲಿ ಕುರ್ಚಿಯಷ್ಟು ಜಾಗ ಬಿಟ್ಟು ನಿಲ್ಲಲಿ. ಆಲ್ಬಮ್ ಕತ್ತರಿಸುವಾಗಲೂ ಅಂಚು ಹೋಗುತ್ತದೆ, ಆ ಜಾಗ ಅದಕ್ಕೂ ಆಗುತ್ತದೆ.

ಹುಡುಗನ ಫೈಲನ್ನು ಡಾರ್ಕ್‌ಟೇಬಲ್‌ನಲ್ಲಿ ತೆರೆದು, ಫೈಲಿನೊಳಗಿನ ಲೆಕ್ಕವನ್ನೇ ಆರಿಸಿ, ತಿದ್ದುಪಡಿಯನ್ನು ಅರ್ಧಕ್ಕೆ ಇಳಿಸಿ ಸ್ಕೇಲನ್ನು ಸ್ವಲ್ಪ ಸ್ವಲ್ಪವೇ ಕೆಳಗೆ ಎಳೆದೆವು. ಮೊದಲು ಸೀರೆಯ ಅಂಚು ಬಂತು, ಆಮೇಲೆ ಕುರ್ಚಿಯ ಕೈ, ಅದರ ಮೇಲೆ ಬಳೆಗಳು. ಕೆಳಗೆ ಮೂಡಿದ ಕಪ್ಪು ಕಮಾನನ್ನು ಜಮಖಾನದ ಒಂದು ಪಟ್ಟಿಯೊಂದಿಗೆ ಕತ್ತರಿಸಿದೆವು, ಮೇಲೆ ತೋರಣದ ಎರಡು ಎಲೆ ಹೋದವು. ಅಜ್ಜಿಯ ಮುಖ ತನ್ನ ಅಗಲಕ್ಕೆ ಮರಳಿತ್ತು. ಲೆನ್ಸನ್ನು ಅವನು ಮತ್ತೆ ಕ್ಯಾಮೆರಾಕ್ಕೆ ಸೇರಿಸಿಕೊಂಡ. ಮಧ್ಯಾಹ್ನ ಸಕಲೇಶಪುರದಲ್ಲಿ ಇನ್ನೊಂದು ಆರತಕ್ಷತೆ ಇತ್ತು.